ಫೈಲ್ ಉದ್ದವಾಯಿತೆಂದು ಮನೆ ಒಡೆಯಬೇಕೆ?

ಒಳ ಕ್ಲಾಸ್‌ಗಳನ್ನು ಬೇರೆ ಬೇರೆ ಫೈಲ್‌ಗಳಲ್ಲಿ ಬರೆಯಲು ಬಿಡದಿರುವುದು ಜಾವಾದ ದೋಷ, ಸಿ ಶಾರ್ಪ್‌ನಂತೆ ಒಂದೇ ಕ್ಲಾಸನ್ನು ಹಲವು ಫೈಲ್‌ಗಳಿಗೆ ಹಂಚುವ ಪಾರ್ಷಿಯಲ್ ಸೌಲಭ್ಯ ಬರುವವರೆಗೆ ಅವನ್ನೆಲ್ಲ ಹೊರತೆಗೆದು ಪಬ್ಲಿಕ್ ಮಾಡುವುದೇ ದಾರಿ ಎಂಬುದು ನಾನು ಓದಿದ ಲೇಖನವೊಂದರ ಲೇಖಕರ ವಾದ. ಉದ್ದದ ಫೈಲಿನಲ್ಲಿ ಹುಡುಕಾಡುವ ಕಿರಿಕಿರಿ ನಿಜ. ಮದ್ದು ಮಾತ್ರ ತಪ್ಪು.

ಒಳ ಕ್ಲಾಸ್ ಹೊರ ಕ್ಲಾಸಿನ ಪ್ರೈವೇಟ್ ಫೀಲ್ಡನ್ನೂ ಮುಟ್ಟಬಲ್ಲದು. ಅದನ್ನು ಮುಟ್ಟುವ ಕೋಡೆಲ್ಲ ಒಂದೇ ಫೈಲಿನಲ್ಲಿರುವುದರಿಂದಲೇ ಆ ಫೀಲ್ಡನ್ನು ಧೈರ್ಯವಾಗಿ ಬದಲಿಸಬಹುದು. ಒಳ ಕ್ಲಾಸನ್ನು ಹೊರತೆಗೆದು ಫೀಲ್ಡನ್ನು ಅದಕ್ಕೆ ತೆರೆದಿಟ್ಟರೆ ಆ ಧೈರ್ಯ ಹೋಯಿತು.

ಜಾವಾದ್ದೇ ಹ್ಯಾಶ್‌ಮ್ಯಾಪ್ ನೋಡಿ. ಫೈಲ್ 2000 ಸಾಲು ಮೀರಿದೆ. ಅದರ ಒಳ ಕ್ಲಾಸ್ ಕೀಸೆಟ್‌ಗೆ ಸ್ವಂತ ದಾಸ್ತಾನಿಲ್ಲ: ಸೈಜ್ ಕೇಳಿದರೆ ಮ್ಯಾಪಿನದನ್ನೇ ಹೇಳುತ್ತದೆ, ಕ್ಲಿಯರ್ ಅಂದರೆ ಮ್ಯಾಪೇ ಖಾಲಿ. ಅದನ್ನು ಎಲ್ಲಿಗೆ ಎತ್ತಿಡುತ್ತೀರಿ? ಅಲ್ಲೇ ಇರುವ ಇನ್ನೊಂದು ಒಳ ಕ್ಲಾಸ್ ಟ್ರೀನೋಡ್ ಬೇರೆ ಥರ. ಅದು ಸ್ಟ್ಯಾಟಿಕ್, ಬೇಕಾದ ಮ್ಯಾಪನ್ನು ಪ್ಯಾರಾಮೀಟರ್ ಆಗಿ ಪಡೆಯುತ್ತದೆ. ಅಂಥದ್ದನ್ನು ಹೊರಗಿಡಬಹುದು, ಆದರೆ ಪಬ್ಲಿಕ್ ಏಕೆ? ಕ್ಲಾಸಿನ ಮುಂದೆ ಏನೂ ಬರೆಯದೆ ಬಿಟ್ಟರೆ ಅದು ಪ್ಯಾಕೇಜಿನೊಳಗೇ ಉಳಿಯುತ್ತದೆ. ಈ ಮೂರನೇ ದಾರಿ ಲೇಖನದಲ್ಲಿ ಇಲ್ಲವೇ ಇಲ್ಲ.

ಕಂಪೈಲ್ ಆದಮೇಲೆ ಒಳ ಕ್ಲಾಸ್‌ಗಳು ಹೇಗೂ ಡಾಲರ್ ಚಿಹ್ನೆಯ ಹೆಸರಿನ ಬೇರೆ ಕ್ಲಾಸ್ ಫೈಲ್‌ಗಳಾಗುತ್ತವಲ್ಲ ಎನ್ನುತ್ತಾರೆ ಲೇಖಕರು. ಆ ಬೇರ್ಪಡಿಕೆಯಿಂದಲೇ, ಪ್ರೈವೇಟ್ ಫೀಲ್ಡ್ ಮುಟ್ಟಲು ಕಂಪೈಲರ್ ಕದ್ದುಮುಚ್ಚಿ ಸೇತುವೆ ಮೆಥಡ್‌ಗಳನ್ನು ಸೇರಿಸಬೇಕಾಗುತ್ತಿತ್ತು. 2018ರ ಜಾವಾ 11ರಲ್ಲಿ ವರ್ಚುಯಲ್ ಮಷೀನೇ ಅವನ್ನು ಒಂದೇ ಗೂಡಿನವೆಂದು ಗುರುತಿಸತೊಡಗಿತು. ಭಾಷೆ ನಡೆದಿರುವುದು ಲೇಖಕರು ಬಯಸಿದ ದಿಕ್ಕಿಗೆ ವಿರುದ್ಧವಾಗಿ.

ಇನ್ನು ಪಾರ್ಷಿಯಲ್: 2005ರಲ್ಲಿ ಬಂದ ಅದರ ದೊಡ್ಡ ಉಪಯೋಗ, ಡಿಸೈನರ್ ಟೂಲ್ ಬರೆದ ಕೋಡನ್ನು ಕೈಬರಹದ ಕೋಡಿನಿಂದ ದೂರ ಇಡುವುದು. ಬೆಳೆದು ಹಿಡಿತ ತಪ್ಪಿದ ಕ್ಲಾಸನ್ನು ನಾಲ್ಕು ಫೈಲಿಗೆ ಹಂಚಿದರೂ ಅದು ಅದೇ ಕ್ಲಾಸ್. ಹುಡುಕಾಟ ಮಾತ್ರ ನಾಲ್ಕು ಕಡೆ.