ಸಾಂಬ್ರಾಕ್ಕೆ ಬರೋ ವಿಮಾನದಲ್ಲಿ 76 ಸೀಟೇ ಯಾಕೆ? ಉತ್ತರ ಅಮೆರಿಕದ ಪೈಲಟ್‌ಗಳ ಕರಾರಿನಲ್ಲಿದೆ

ಬೆಳಗಾವಿ: ಸಾಂಬ್ರಾದಿಂದ ಸ್ಟಾರ್ ಏರ್ ವಿಮಾನ ಹತ್ತುವವರು ಒಮ್ಮೆ ಸೀಟು ಎಣಿಸಿ ನೋಡಿ. ಎಂಬ್ರೇಯರ್ ಇ175 ಆಗಿದ್ದರೆ ಮುಂದೆ ಬಿಸಿನೆಸ್ ಕ್ಲಾಸ್ 12, ಹಿಂದೆ 64, ಒಟ್ಟು 76. 2019ರಲ್ಲಿ ಕಂಪನಿ ಶುರುವಾದಾಗ ತಂದ ಚಿಕ್ಕ ಇಆರ್‌ಜೆ145 ಆಗಿದ್ದರೆ 50. ಇ175ರಲ್ಲಿ ಒತ್ತಿ ಹಾಕಿದರೆ 88 ಸೀಟು ಹಿಡಿಯುತ್ತೆ. ಆದರೂ ಬ್ರೆಜಿಲ್‌ನಲ್ಲಿ ತಯಾರಾಗೋ ಈ ವಿಮಾನಗಳಿಗೆ 50 ಮತ್ತು 76 ಅನ್ನೋ ಅಂಕಿ ಅಂಟಿಕೊಂಡಿದೆ. ಕಾರಣ, ಇವುಗಳ ದೊಡ್ಡ ಗಿರಾಕಿ ಅಮೆರಿಕ. ಅಲ್ಲಿ ಸಣ್ಣ ವಿಮಾನದ ಅಳತೆ ಗೊತ್ತುಮಾಡೋದು ಪ್ರಯಾಣಿಕರೂ ಅಲ್ಲ, ಎಂಜಿನಿಯರ್‌ಗಳೂ ಅಲ್ಲ, ಪೈಲಟ್ ಸಂಘದ ಕರಾರು.

ಅಲ್ಲಿನ ವ್ಯವಸ್ಥೆ ಹೀಗಿದೆ. ಡೆಲ್ಟಾ, ಯುನೈಟೆಡ್, ಅಮೆರಿಕನ್ ಈ ಮೂರು ದೊಡ್ಡ ಕಂಪನಿಗಳು. ಸಣ್ಣ ಊರಿಗೆ ಹೋಗೋ ವಿಮಾನದ ಮೇಲೂ ಇವರದೇ ಬಣ್ಣ, ಟಿಕೆಟ್ ಮೇಲೂ ಇವರದೇ ಹೆಸರು. ಆದರೆ ಓಡಿಸೋದು ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಬೇರೆ ಕಂಪನಿ. ಸಾಮಾನ್ಯವಾಗಿ ಟಿಕೆಟ್ ದರ, ವೇಳಾಪಟ್ಟಿ ಎಲ್ಲ ದೊಡ್ಡವರ ಕೈಯಲ್ಲಿ. ಓಡಿಸಿದವರಿಗೆ ಓಡಿಸಿದ್ದಕ್ಕೆ ದುಡ್ಡು. ಈ ಸಣ್ಣ ಕಂಪನಿಗಳಲ್ಲಿ ಪೈಲಟ್ ಸಂಬಳ ಬಹಳ ವರ್ಷ ತೀರಾ ಕಡಿಮೆ ಇತ್ತು.

ದೊಡ್ಡ ಕಂಪನಿಯ ಪೈಲಟ್‌ಗಳು ಹೆದರಿದ್ದು ಇದಕ್ಕೇ. ಅಗ್ಗಕ್ಕೆ ಓಡಿಸೋರು ಸಿಕ್ಕರೆ ನಾಳೆ ದೊಡ್ಡ ವಿಮಾನವನ್ನೂ ಅವರಿಗೇ ಕೊಟ್ಟರೆ? ಅದಕ್ಕೆ ಸಂಬಳದ ಕರಾರಿನಲ್ಲೇ ಒಂದು ಷರತ್ತು ಹಾಕಿಸಿದರು. ಅದಕ್ಕೆ ಸ್ಕೋಪ್ ಕ್ಲಾಜ್ ಅಂತಾರೆ. ಹೊರಗಿನವರಿಗೆ ಕೊಡೋ ವಿಮಾನ 76 ಸೀಟು ದಾಟಬಾರದು, ತೂಕ 86 ಸಾವಿರ ಪೌಂಡ್, ಅಂದರೆ ಸುಮಾರು 39 ಟನ್ ಮೀರಬಾರದು. ಇಂಥ ವಿಮಾನ ಎಷ್ಟಿರಬೇಕು ಅನ್ನೋದಕ್ಕೂ ಮಿತಿ. ಎಪಿಎಂಸಿ ಹಮಾಲರ ಲೆಕ್ಕದಲ್ಲಿ ಹೇಳೋದಾದರೆ, ‘ಟಾಟಾ ಏಸ್ ಮಾಲು ಬೇಕಾದವರಿಂದ ತುಂಬಿಸ್ಕೊಳ್ಳಿ, ಲಾರಿ ಬಂದರೆ ನಮ್ಮವರೇ’ ಅಂದ ಹಾಗೆ.

ಇದರಿಂದ ನಡೆದಿರೋ ತಮಾಷೆ ಒಂದೆರಡಲ್ಲ. 50 ಸೀಟಿನ ವಿಮಾನದ ಸಂಖ್ಯೆಗೆ ಮಿತಿ ಇದ್ದಾಗ ಅಮೆರಿಕನ್ ಈಗಲ್‌ಗೋಸ್ಕರ ಎಂಬ್ರೇಯರ್ ಅದೇ ವಿಮಾನವನ್ನು ಸ್ವಲ್ಪ ಗಿಡ್ಡ ಮಾಡಿ 44 ಸೀಟಿನ ಇಆರ್‌ಜೆ140 ತಯಾರಿಸಿತು. ಯುನೈಟೆಡ್ ಇನ್ನೂ ಮುಂದೆ ಹೋಯ್ತು. ಅದರ 70-76 ಸೀಟಿನ ಕೋಟಾ ತುಂಬಿತ್ತು. 2019ರಲ್ಲಿ 70 ಸೀಟಿನ ಸಿಆರ್‌ಜೆ700 ವಿಮಾನದ ಸೀಟು ಕಿತ್ತು 50ಕ್ಕೆ ಇಳಿಸಿ, ಖಾಲಿ ಜಾಗದಲ್ಲಿ ಬ್ಯಾಗ್ ಇಡೋ ಕಪಾಟು, ತಿಂಡಿ ಸ್ಟ್ಯಾಂಡ್ ಇಟ್ಟು ‘ಸಿಆರ್‌ಜೆ550’ ಅಂತ ಹೆಸರು ಕೊಟ್ಟಿತು. ಅಂಗಡಿ ನಡೆಸೋ ಯಾರಿಗಾದರೂ ಹೊಟ್ಟೆ ಉರಿಯೋ ಲೆಕ್ಕ ಇದು.

ಡೆಲ್ಟಾ 2012ರಲ್ಲಿ ಚೌಕಾಸಿ ಮಾಡಿತು. ಬೋಯಿಂಗ್ 717 ತಂದು ತನ್ನ ಪೈಲಟ್‌ಗಳಿಗೇ ಕೊಟ್ಟಿತು. ಬದಲಿಗೆ ಹೊರಗಿನವರಿಗೆ ಇನ್ನಷ್ಟು 76 ಸೀಟಿನ ವಿಮಾನ ಕೊಡೋಕೆ ಸಂಘ ಒಪ್ಪಿತು, 50 ಸೀಟಿನವು ಕಡಿಮೆಯಾದವು. ಪೈಲಟ್‌ಗಳ ಮಟ್ಟಿಗೆ ಷರತ್ತು ಕೆಲಸ ಮಾಡಿದೆ ಅನ್ನೋದಕ್ಕೆ ಇದೇ ಸಾಕ್ಷಿ. ಅವರನ್ನು ಬೈಯೋದರಲ್ಲಿ ಅರ್ಥ ಇಲ್ಲ, ಕೆಲಸ ಗುತ್ತಿಗೆಗೆ ಹೋದಾಗ ಏನಾಗುತ್ತೆ ಅನ್ನೋದು ಈ ಕಡೆ ಕಾರ್ಖಾನೆಗಳಲ್ಲಿ ದುಡಿದವರಿಗೂ ಗೊತ್ತು.

ಪೆಟ್ಟು ಬಿದ್ದಿದ್ದು ಮಾತುಕತೆಯ ಮೇಜಿನಲ್ಲಿ ಕುರ್ಚಿಯೇ ಇಲ್ಲದವರಿಗೆ. ಎಂಬ್ರೇಯರ್ ಇಂಧನ ಉಳಿಸೋ ಹೊಸ ಇ175-ಇ2 ಮಾಡಿತು, 2019ರ ಡಿಸೆಂಬರ್‌ನಲ್ಲಿ ಹಾರಿಸಿಯೂ ನೋಡಿತು. ಹೊಸ ಎಂಜಿನ್ ದೊಡ್ಡದು, ಭಾರ. ವಿಮಾನದ ತೂಕ 44 ಟನ್ ದಾಟಿತು. ಷರತ್ತು ಸಡಿಲ ಆಗಬಹುದು ಅಂತ ಕಾದರು, ಸಂಘಗಳು ಜಗ್ಗಲಿಲ್ಲ. ಸ್ಕೈವೆಸ್ಟ್ 2013ರಲ್ಲಿ ಕೊಟ್ಟಿದ್ದ 100 ವಿಮಾನದ ಆರ್ಡರ್ ಪಟ್ಟಿಯಿಂದ ಹೋಯ್ತು, 2022ರಲ್ಲಿ ಕೆಲಸವೇ ನಿಂತಿತು. ಜಪಾನಿನ ಮಿತ್ಸುಬಿಷಿಯದ್ದೂ ಇದೇ ಕಥೆ. ಅದರ ವಿಮಾನಕ್ಕೆ ಬೇರೆ ತೊಂದರೆಗಳೂ ಇದ್ದವು, ಈ ತೂಕದ ಮಿತಿಯೂ ಒಂದು. 2023ರ ಫೆಬ್ರುವರಿಯಲ್ಲಿ ಯೋಜನೆ ಕೈಬಿಟ್ಟರು. 2025ರ ಜೂನ್‌ನಲ್ಲಿ ಸ್ಕೈವೆಸ್ಟ್ ಮತ್ತೆ 60 ವಿಮಾನಕ್ಕೆ ಆರ್ಡರ್ ಕೊಟ್ಟಿತು. ಯಾವುದಕ್ಕೆ? ಅದೇ ಹಳೇ ಇ175ಕ್ಕೆ.

ಆ ಷರತ್ತು ಭಾರತದ ಕಂಪನಿಗಳನ್ನು ಕಟ್ಟಿಹಾಕೋದಿಲ್ಲ. ಸ್ಟಾರ್ ಏರ್ ಹಾರೋದು ಸ್ವಂತ ಹೆಸರಲ್ಲಿ, ಇಂಡಿಗೋ ತನ್ನ 78 ಸೀಟಿನ ಎಟಿಆರ್ ಓಡಿಸೋದು ತನ್ನದೇ ಪೈಲಟ್‌ಗಳಿಂದ. ಆದರೆ ಕೊಳ್ಳೋಕೆ ಹೋದಾಗ ಅಂಗಡಿಯಲ್ಲಿ ಮಾಲು ಇರಬೇಕಲ್ಲ. ಬೆಳಗಾವಿ, ಕಲಬುರಗಿ, ಶಿವಮೊಗ್ಗದಂಥ ಊರಿಗೆ ಸರಿಹೊಂದೋ ಚಿಕ್ಕ ಜೆಟ್ ಬೇಕು ಅಂದರೆ ಈಗ ಎಂಬ್ರೇಯರ್ ಕೊಡೋದು ಅಮೆರಿಕದ ಕರಾರಿಗೆ ಹೊಂದೋ ಹಳೇ ಎಂಜಿನ್ನಿನ ಇ175 ಮಾತ್ರ. ಅದರ ಹೆಚ್ಚುವರಿ ಇಂಧನದ ಖರ್ಚು ಸಾಂಬ್ರಾದಲ್ಲಿ ಟಿಕೆಟ್ ತಗೊಳ್ಳೋರ ಲೆಕ್ಕಕ್ಕೂ ಬರುತ್ತೆ.