ಗ್ರೀಸಲ್ಲ, ಗೇರ್ ಎಣ್ಣೆ

ಗ್ಯಾರೇಜಿಗೆ ಹೆಂಗಸು ಹೋದರೆ ಮೆಕ್ಯಾನಿಕ್ಕಿನ ಕಣ್ಣು ಆಕೆಯ ಗಂಡನನ್ನು ಹುಡುಕುತ್ತದೆ. ನನ್ನದು ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. 1962ರಲ್ಲಿ ಬ್ರಿಟನ್ನಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ದಾಯಾದಿ. ಎರಡರಲ್ಲೂ ಮುಂಚಕ್ರ ತಿರುಗುವ ಬುಡದಲ್ಲಿ ಟ್ರನಿಯನ್ ಎಂಬ ತುಂಡಿದೆ. ಅದಕ್ಕೆ 90ರ ಗೇರ್ ಎಣ್ಣೆಯೇ ಆಗಬೇಕು. ಗ್ರೀಸ್ ತುರುಕಿದರೆ ಗಟ್ಟಿಯಾಗಿ ಕೂತು, ಒಳಗೆ ನೀರು ಸೇರಿ ತುಕ್ಕು ಹಿಡಿದು, ಒಂದು ದಿನ ಚಕ್ರವೇ ಮಡಚಿಕೊಂಡೀತು. ಹೆಬ್ಬಾಳದ ಫ್ಲೈಓವರ್ ಮೇಲೆ, ಮಕ್ಕಳು ಹಿಂದೆ ಕೂತಿರುವಾಗ ಹಾಗಾದರೆ?

ಆರ್.ಟಿ. ನಗರದಲ್ಲಿ ಒಬ್ಬಾತನಿಗೆ ಇದನ್ನೇ ಹೇಳಿದೆ. "ಯಜಮಾನ್ರನ್ನ ಕಳ್ಸಿ ಮೇಡಂ" ಎಂದು ನಕ್ಕು ಗ್ರೀಸ್ ಗನ್ ಎತ್ತಿದ. ನಮ್ಮ ಯಜಮಾನರಿಗೆ ಸ್ಟೆಪ್ನಿ ಎಲ್ಲಿದೆಯೆಂಬುದೂ ತಿಳಿಯದು! ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡುವ ಕೈಗೆ ಸ್ಪ್ಯಾನರ್ ಮಾತ್ರ ಏಕೆ ಸಲ್ಲದು? ಬಿಲ್ಲಿನ ದುಡ್ಡು ಎಣಿಸಿಕೊಳ್ಳುವಾಗ ಯಜಮಾನರನ್ನು ಯಾರೂ ಕೇಳುವುದಿಲ್ಲವಲ್ಲ. ಹಾಗೆ ಗ್ರೀಸ್ ಗನ್ ಎತ್ತಿದರೆ, ಅಕ್ಕಂದಿರೇ, ಕೀ ಇಸಿದುಕೊಂಡು ಹೊರಟುಬಿಡಿ.