‘ಟ್ಯಾಲೆಂಟ್’ ಎಂಬ ನೆಪ

ನಮ್ಮ ಗಡಿನಾಡಿನ ಮನೆಗಳಲ್ಲಿ ಈಚೆಗೆ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ: ‘ನಮ್ಮ ಮಗುವಿಗೆ ಕನ್ನಡದಲ್ಲಿ ಟ್ಯಾಲೆಂಟ್ ಇಲ್ಲ.’ ಹೀಗೆಂದು ಮಗುವನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಿದರೆ ಯಾರಿಗೂ ಕಳವಳವಿಲ್ಲ. ಇಲ್ಲದ್ದು ಇಲ್ಲ, ಏನು ಮಾಡಲಾದೀತು! ಈ ಪದ ಒದಗಿಸಿಕೊಟ್ಟ ನೆಮ್ಮದಿಯ ಮೇಲೆಯೇ ನಮ್ಮ ಆಕ್ಷೇಪ.

ಆ ಪದದ ಮೂಲದಲ್ಲಿ ಹುಟ್ಟುಗುಣದ ಸುಳಿವೇ ಇಲ್ಲ. ಗ್ರೀಕರಲ್ಲಿ ಅದು ತಕ್ಕಡಿಯ ಹೆಸರು, ತೂಕದ ಹೆಸರು. ಬಳಿಕ ಅಷ್ಟು ತೂಕದ ಬೆಳ್ಳಿಯ ಹೆಸರು. ಒಂದು ಟ್ಯಾಲೆಂಟ್ ಎಂದರೆ 6,000 ದ್ರಾಖ್ಮ, ಕೂಲಿಯಾಳಿನ ಸುಮಾರು 6,000 ದಿನಗಳ ದುಡಿಮೆ. ಅದಕ್ಕೆ ಇಂದಿನ ಅರ್ಥ ಅಂಟಿದ್ದು ಮತ್ತಾಯನ ಸುವಾರ್ತೆಯ ಕಥೆಯೊಂದರಿಂದ. ಕನ್ನಡ ಬೈಬಲ್ ಓದಿದವರು ‘ತಲಾಂತು’ ಎಂಬ ರೂಪದಲ್ಲಿ ಅದನ್ನು ಬಲ್ಲರು. ಯಜಮಾನನು ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸಿ ಹೋಗುತ್ತಾನೆ. ಇಬ್ಬರು ದುಡಿಸಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ಮಣ್ಣಿನಲ್ಲಿ ಹೂತಿಟ್ಟು ಛೀಮಾರಿಗೆ ಗುರಿಯಾಗುತ್ತಾನೆ. ಹಂಚುವಾಗ ಏನೂ ಸಿಗದ ಆಳೊಬ್ಬನೂ ಆ ಕಥೆಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ‘ಇಲ್ಲ’ ಎನ್ನುವವರು ಬಹುಶಃ ಹೂತಿಟ್ಟವರೇ.

‘ಪ್ರತಿಭೆ’ ಎಂದು ಕನ್ನಡಿಸಿದೊಡನೆ ಪಾರಾದೆವೆಂದೂ ಅಲ್ಲ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನೂ ಒಟ್ಟಾಗಿ ಕಾವ್ಯಕ್ಕೆ ಒಂದೇ ಕಾರಣವೆಂದನು. ಪ್ರತಿಭೆಯೊಂದೇ ಸಾಕೆಂದು ವಾದಿಸಿದ ಜಗನ್ನಾಥ ಪಂಡಿತನೂ ಆ ಪ್ರತಿಭೆ ವ್ಯುತ್ಪತ್ತಿ ಅಭ್ಯಾಸಗಳಿಂದ ಹುಟ್ಟಬಹುದೆಂದು ಒಪ್ಪಿದನು. ಓದಿ ಕಲಿಯದವರೂ ಕಾವ್ಯಪ್ರಯೋಗದಲ್ಲಿ ಪಳಗಿದವರೆಂದು ‘ಕವಿರಾಜಮಾರ್ಗ’ ಹೊಗಳಿದೆಯಲ್ಲ ಎಂದು ಕೆಲವರು ಕೇಳಬಹುದು. ಹೌದು, ಆದರೆ ಅದು ಆರಿಸಿದ ಒಂದಿಬ್ಬರ ಹೊಗಳಿಕೆಯಲ್ಲ, ಕಾವೇರಿಯಿಂದ ಗೋದಾವರಿಯವರೆಗಿನ ಒಂದಿಡೀ ಜನದ ಹೊಗಳಿಕೆ. ಸುತ್ತಲೂ ಮಾತು ತುಂಬಿದ್ದಲ್ಲಿ ಮಾತ್ರ ಬರುವ ಹದವದು. ಮನೆಯೊಳಗೆ ಕನ್ನಡದ ಸದ್ದನ್ನೇ ಅಡಗಿಸಿ, ಮಗುವಿನ ನಾಲಗೆಯನ್ನು ದೂರುವುದು ಯಾವ ನ್ಯಾಯ?

ಪಾರ್ತಿಸುಬ್ಬನ ಕುಂಬಳೆ ಸೀಮೆಯ ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಯಕ್ಷಗಾನ ಮೇಳ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಕುಣಿದ, ಬಾಲಗೋಪಾಲನಾಗಿ ಕುಣಿದ. ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತ, ರಂಗದ ಬದಿಯಲ್ಲಿ ನಿದ್ದೆಗಣ್ಣಿನಲ್ಲೇ ಪದ್ಯ ಕೇಳುತ್ತ ವರ್ಷಗಳನ್ನು ಕಳೆದ. ಪೀಠಿಕೆಯ ವೇಷ ಸಿಕ್ಕಿದ್ದು ಆಮೇಲೆ. ಅವನಲ್ಲಿ ಟ್ಯಾಲೆಂಟ್ ಇದೆಯೇ ಎಂದು ಮೊದಲ ದಿನವೇ ಅಳೆದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು? ‘ಹಾಡುತ್ತ ಹಾಡುತ್ತ ರಾಗ’ ಎಂದವರು ನಮ್ಮ ಹಿರಿಯರೇ.

ಸಂಘಗಳವರಾದ ನಮ್ಮ ಮೇಲೂ ದೂರಿದೆ. ‘ಪ್ರತಿಭಾ ಪುರಸ್ಕಾರ’ವೆಂದು ವರ್ಷವರ್ಷವೂ ನಾವು ಶಾಲು ಹೊದೆಸುತ್ತಿರುವುದು ಅಂಕಪಟ್ಟಿಗೆ. ಕನ್ನಡದಲ್ಲಿ ತಡವರಿಸುತ್ತಲೇ ವರ್ಷವಿಡೀ ಓದಿ, ಕಳೆದ ವರ್ಷ ಬಾರದ ಒಂದು ಪುಟವನ್ನು ಈ ವರ್ಷ ತಪ್ಪಿಲ್ಲದೆ ಬರೆದ ಮಗುವನ್ನು ಇದುವರೆಗೆ ವೇದಿಕೆಗೆ ಕರೆದಿದ್ದೇವೆಯೇ? ಮುಂದಿನ ಸಮ್ಮೇಳನದ ಆಮಂತ್ರಣ ಪತ್ರಿಕೆಯಲ್ಲಿ ಆ ಶೀರ್ಷಿಕೆಯನ್ನು ಹೊಡೆದುಹಾಕಿ ‘ಅಭ್ಯಾಸ ಪುರಸ್ಕಾರ’ ಎಂದು ಅಚ್ಚು ಮಾಡಿಸೋಣ. ಹೆಸರುಗಳನ್ನು ಅಂಕಪಟ್ಟಿಯಿಂದ ಆರಿಸದೆ ಕನ್ನಡ ಅಧ್ಯಾಪಕರಿಂದ ಕೇಳಿ ಪಡೆಯೋಣ.